ಹೊಸ್ತಿಲ ಮೇಲಿನ ಬೂದಿ

"ಎಂತ ಮಾಡ್ತಿದ್ದೀರಿ ನೀವು ಇಲ್ಲಿ?"

ಬಾಗಿಲು ತೆರೆದ ಜ್ಯೋತ್ಸ್ನಾಳ ಕೈಯಲ್ಲಿ ಸಂಜೆಯ ದೀಪವಿತ್ತು. ಅವಳ ಹೊಸ್ತಿಲ ಮುಂದೆ ಒಬ್ಬ ಗಂಡಸು ಕುಕ್ಕರಗಾಲಿನಲ್ಲಿ ಕುಳಿತಿದ್ದ. ಅವನ ಮುಷ್ಟಿಯಿಂದ ಬೂದಿ ಸುರಿಯುತ್ತಿತ್ತು.

ಬೂದಿ! ಅದೂ ದೀಪ ಹಚ್ಚುವ ಹೊತ್ತಿನಲ್ಲಿ, ಅವಳ ಮನೆಯ ಹೊಸ್ತಿಲಿಗೆ!

ಅವನು ತಲೆ ಎತ್ತಿದ. ಮೇಲಿನ ಮಹಡಿಯ ಸುಪ್ರೀತ್...

ಜ್ಯೋತ್ಸ್ನಾಳ ಎದೆ ಧಸಕ್ಕೆಂದಿತು. ಬೇರೆ ಯಾರಾಗಿದ್ದರೂ ಅವಳು ಇಷ್ಟು ಹೆದರುತ್ತಿರಲಿಲ್ಲ. ಮೈಸೂರಿನಿಂದ ಬಂದು ನಾಲ್ಕು ತಿಂಗಳಾಗಿತ್ತು ಈ ಹುಡುಗ. ಒಮ್ಮೆ ಗ್ಯಾಸ್ ಸಿಲಿಂಡರ್ ಎತ್ತಿ ಒಳಗಿಟ್ಟುಕೊಟ್ಟಿದ್ದ, ಏಜೆನ್ಸಿಯವನು ಮತ್ತೆ ಸತಾಯಿಸಿದರೆ ಫೋನ್ ಮಾಡಿ ಎಂದು ತನ್ನ ನಂಬರ್ ಕೊಟ್ಟು ಇವಳದ್ದನ್ನೂ ಬರೆದುಕೊಂಡಿದ್ದ. ಅಂದಿನಿಂದ ಇವಳು ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬೇಕೆಂದೇ ಐದು ನಿಮಿಷ ತಡ ಮಾಡುತ್ತಿದ್ದಳು. ಅವನು ಮೆಟ್ಟಿಲಿಳಿದು ಬರುವ ಹೊತ್ತಿಗೆ ಸರಿಯಾಗಿ! ಯಾರಿಗೂ ಹೇಳದ ಆ ಗುಟ್ಟು ಈಗ ಅವಳಿಗೇ ನಾಚಿಕೆ ತಂದಿತು.

"ಹೆದರ್ಕೋಬೇಡಿ ರೀ... ಮಳೆಗಾಲ ಅಲ್ವಾ, ಅದಕ್ಕೇ ಇದು..."

ಅವನ ಮಾತು ಅಲ್ಲೇ ನಿಂತಿತು. ಅವನ ಕಣ್ಣು ಅವಳನ್ನು ದಾಟಿ ಒಳಗೆ, ಕಿಟಕಿಯ ಪಕ್ಕದ ಮಂಚದತ್ತ ಹೋಯಿತು. ಅಲ್ಲಿ ಅವಳ ಅಮ್ಮ ಪ್ರಫುಲ್ಲಾ ಮಲಗಿದ್ದರು. ಪಾರ್ಶ್ವವಾಯು ಬಡಿದು ಆರು ತಿಂಗಳಾಗಿತ್ತು. ಮಾತು ಹೋಗಿತ್ತು. ಇಡೀ ಮೈಯಲ್ಲಿ ಆಡುತ್ತಿದ್ದದ್ದು ಎಡಗೈ ಮಾತ್ರ, ಅದರಲ್ಲೂ ಎರಡೇ ಬೆರಳು.

"ಆ... ಆ..." ಎಂದು ಅಮ್ಮ ನರಳಿದರು.

ಅಷ್ಟು ಸಾಕಾಯಿತು ಜ್ಯೋತ್ಸ್ನಾಗೆ.

"ನನ್ನ ಅಮ್ಮನ್ನ ನೋಡ್ಬೇಡಿ! ಇನ್ನೊಮ್ಮೆ ಈ ಬಾಗಿಲ ಹತ್ರ ಬಂದ್ರೆ ಇಡೀ ಬಿಲ್ಡಿಂಗ್ ಸೇರಿಸ್ತೇನೆ!"

ಧಡಾರನೆ ಬಾಗಿಲು ಮುಚ್ಚಿದಳು. ದೀಪ ಆರಿಹೋಯಿತು.

ಠಾಣೆ ನಗರದ ಕೋಪರಿ ಬಡಾವಣೆಯ ಆ ಹಳೆಯ ಕಟ್ಟಡದ ನೆಲಮಹಡಿಯಲ್ಲಿ ತಾಯಿ ಮಗಳು ಇಬ್ಬರೇ. ಎರಡು ವಾರದಿಂದ ಬೆಳಿಗ್ಗೆ ಗುಡಿಸುವಾಗ ಹೊಸ್ತಿಲ ಹೊರಗೆ ಬೂದು ಬಣ್ಣದ ಪುಡಿ ಸಿಗುತ್ತಿತ್ತು. ಪಕ್ಕದಲ್ಲಿ ಒಡೆಯುತ್ತಿರುವ ಕಟ್ಟಡದ ಧೂಳೆಂದು ಅವಳು ಗುಡಿಸಿ ಎಸೆಯುತ್ತಿದ್ದಳು. ಹಾಗಾದರೆ... ಅಷ್ಟು ದಿನವೂ ಇವನೇ?

ಉಡುಪಿಗೆ ಫೋನ್ ಹಚ್ಚಿದಳು. ಅಮ್ಮನ ತಮ್ಮ ಜಯಶೀಲ ಮಾವ ಎಲ್ಲವನ್ನೂ ಕೇಳಿಸಿಕೊಂಡರು.

"ಬೂದಿ ಅಂದ್ರೆ ಒಳ್ಳೇದಲ್ಲ ಮಗಾ. ಯಾರೋ ಮಾಡಿಸಿದ್ದು ಅದು. ನೀನು ಒಂದು ಕೆಲ್ಸ ಮಾಡು, ದಿನಾ ಸಂಜೆ ಹೊಸ್ತಿಲಿಗೆ ಅರಿಶಿನದ ನೀರು ಹಾಕಿ ಚೆಂದ ಮಾಡಿ ತೊಳಿ. ಒಂದು ಕಾಳು ಬೂದಿ ಇರ್ಬಾರ್ದು, ಗೊತ್ತಾಯ್ತಾ?"

ತೊಳೆದಳು. ಒಂದಲ್ಲ, ಎರಡು ಬಾಲ್ದಿ ನೀರು ಹಾಕಿ ತೊಳೆದಳು.

ಮರುದಿನ ಬೆಳಿಗ್ಗೆ ಎದ್ದವಳು ಬಾಗಿಲು ತೆರೆಯಲು ಹೋಗಿ ಹಿಂದೆ ಸರಿದಳು. ಹೊಸ್ತಿಲ ಒಳಗಡೆ, ನೆಲದ ಮೇಲೆ ಒಂದು ಬೆಳ್ಳಿಯ ಗೆರೆ! ಬೆರಳಿನಷ್ಟು ಅಗಲ, ಡೊಂಕುಡೊಂಕಾಗಿ ಗೇಣುದ್ದ ಬಂದು ಅಲ್ಲಿಂದಲೇ ತಿರುಗಿ ಹೋಗಿತ್ತು.

ಯಾರು ಎಳೆದದ್ದು? ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತಲ್ಲ!

ಅಂದೇ ಕಟ್ಟಡದ ಸೊಸೈಟಿಯ ಸೆಕ್ರೆಟರಿಯ ಮುಂದೆ ದೂರು ಹೇಳಿ ಅತ್ತಳು. ಸಂಜೆ ಅವರೇ ಬಂದು ಹೇಳಿದರು, ಹುಡುಗ ಜಗಳವಾಡಲಿಲ್ಲವಂತೆ. ಅವರಿಗೆ ನನ್ನಿಂದ ಭಯ ಆಗೋದಾದ್ರೆ ನಾನೇ ಹೋಗ್ತೀನಿ ಅಂದನಂತೆ. ಮೂರ್ನಾಲ್ಕು ಸ್ಟೇಷನ್ ಆಚೆಯ ಘಣಸೋಲಿಯಲ್ಲಿರುವ ಗೆಳೆಯನ ರೂಮಿಗೆ ಆಗಲೇ ಸಾಮಾನು ಸಾಗಿಸಿದ್ದಾನಂತೆ.

ಹೋದನಲ್ಲ, ಒಳ್ಳೆಯದೇ ಆಯಿತು... ಎಂದುಕೊಂಡಳು. ಆದರೆ ಮೇಲಿನ ಮಹಡಿಯಲ್ಲಿ ಹೆಜ್ಜೆಯ ಸದ್ದಿಲ್ಲದೆ ಮನೆ ಯಾಕೆ ಇಷ್ಟು ಬಿಕೋ ಎನ್ನುತ್ತಿದೆ? ಹುಚ್ಚು ಹುಡುಗಿ, ಓಡಿಸಿದ್ದೂ ಇವಳೇ, ಕಿವಿಗೊಟ್ಟು ಕೂತದ್ದೂ ಇವಳೇ!

ಅಂದಿನಿಂದ ಅಮ್ಮ ವಿಚಿತ್ರವಾಗಿ ಆಡತೊಡಗಿದರು. ಎರಡು ಬೆರಳನ್ನು ಒಂದಕ್ಕೊಂದು ಉಜ್ಜುವುದು, ಬಾಗಿಲು ತೋರಿಸುವುದು. ಮತ್ತೆ ಉಜ್ಜುವುದು, ಮತ್ತೆ ಬಾಗಿಲು. ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಅವನು ಹೋದ ಅಮ್ಮಾ! ಇನ್ನು ಬರುದಿಲ್ಲ. ಹೆದ್ರಬೇಡಿ, ನಾನು ಇದ್ದೇನೆ ಅಲ್ಲಾ?"

ಅಮ್ಮ ಇನ್ನೂ ಜೋರಾಗಿ ನರಳಿದರು.

ಎರಡನೆಯ ಬೆಳಿಗ್ಗೆ ಬೆಳ್ಳಿಯ ಗೆರೆ ನಡುಮನೆಯವರೆಗೆ ಬಂದಿತ್ತು. ಮೂರನೆಯ ಬೆಳಿಗ್ಗೆ ಮಂಚದ ಕಾಲಿನವರೆಗೆ! ಒಂದಲ್ಲ, ನಾಲ್ಕು ಗೆರೆ. ಅದು ಬರುತ್ತಿದೆ... ದಿನಕ್ಕೆ ಇಷ್ಟಿಷ್ಟೇ ಅಮ್ಮನ ಹತ್ತಿರಕ್ಕೆ ಬರುತ್ತಿದೆ! ಅಮ್ಮನಿಗೆ ಏನಾದರೂ ಆದರೆ ತನಗೆ ಈ ಊರಿನಲ್ಲಿ ಯಾರಿದ್ದಾರೆ? ಆ ಸಂಜೆ ಮೂರು ಬಾಲ್ದಿ ನೀರು ಸುರಿದಳು. ಹೊಸ್ತಿಲು ಒಣಗಲೇ ಇಲ್ಲ.

ನಾಲ್ಕನೆಯ ದಿನ ಬೆಳಕು ಹರಿಯುವಾಗ ಅಮ್ಮನ ನರಳಾಟಕ್ಕೆ ಎಚ್ಚರವಾಯಿತು. ಧಾವಿಸಿ ಹೋಗಿ ದೀಪದ ಸ್ವಿಚ್ ಒತ್ತಿದಳು.

ಅಮ್ಮನ ಬಲಗೆನ್ನೆಯ ಮೇಲೆ ಕಂದುಬಣ್ಣದ, ಒದ್ದೆ ಒದ್ದೆಯಾದ, ಬೆರಳುದ್ದದ ಏನೋ ಒಂದು ಅಂಟಿಕೊಂಡಿತ್ತು. ಅದಕ್ಕೆ ಎರಡು ಕೊಂಬು. ಅದು ಚಲಿಸುತ್ತಿತ್ತು! ನಿಧಾನವಾಗಿ, ಅಮ್ಮನ ಮುಚ್ಚಲಾಗದ ಬಾಯಿಯ ಕಡೆಗೆ... ಅಮ್ಮನ ಎರಡು ಬೆರಳು ಹಾಸಿಗೆಯನ್ನು ಪರಚುತ್ತಿದ್ದವು, ಕೆನ್ನೆಯವರೆಗೆ ಏರಲಾರದೆ.

"ಸುಪ್ರೀತ್!"

ಕಿರುಚಿದ ಮೇಲೆಯೇ ಅವಳಿಗೆ ತಿಳಿದದ್ದು, ತಾನು ಕೂಗಿದ ಹೆಸರು ಯಾವುದೆಂದು. ಯಾರು ಬರುತ್ತಾರೆ ಈಗ? ಓಡಿಸಿದ್ದಾಯಿತಲ್ಲ!

ಜಿರಳೆ ಕಂಡರೆ ಕುರ್ಚಿ ಹತ್ತುವ ಹುಡುಗಿ ಅವಳು. ಕಣ್ಣು ಮುಚ್ಚಿದಳು, ತೆರೆದಳು, ಬರಿಗೈಯನ್ನೇ ಚಾಚಿದಳು. ತಣ್ಣಗೆ, ಜಾರಿ ಜಾರಿ, ಕೆನ್ನೆಗೆ ಕಚ್ಚಿ ಹಿಡಿದಿತ್ತು ಅದು. ಎಳೆದಳು! ಪೇಪರಿನಲ್ಲಿ ಸುತ್ತಿ ಬಾಗಿಲು ತೆರೆದು ಹೊರಗಿನ ಗಟಾರಕ್ಕೆ ಎಸೆದಳು. ಕೈ ಅಂಟಂಟಾಗಿ ಬೆಳ್ಳಿಯಂತೆ ಹೊಳೆಯುತ್ತಿತ್ತು.

ಅದೇ ಹೊಳಪು. ಅದೇ ಗೆರೆ.

"ತಂಗಿ..."

ಗೇಟಿನ ಬಳಿ ಇಸ್ತ್ರಿ ಮಾಡುವ ಯಂಕಪ್ಪ ನಿಂತಿದ್ದ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ.

"ತಪ್ಪಾತು ನೋಡ್ರಿ. ಮೂರು ದಿನ ಜ್ವರ ಬಂದು ಮಲಗಿಬಿಟ್ಟೆ. ಇಕಾ, ನಿಮ್ಮ ಬೂದಿ."

"ಯಾವ... ಯಾವ ಬೂದಿ?"

"ನನ್ನ ಇಸ್ತ್ರಿಪೆಟ್ಟಿಗಿ ಕೆಂಡದ್ದ ರೀ! ಮ್ಯಾಲಿನ ಹುಡುಗ ದಿನಾ ಸಂಜೀಕ ಒಯ್ತಿದ್ದ. ಈ ಸಿಂಬಳದ ಹುಳ ಐತಲ್ಲ, ಚಿಪ್ಪಿಲ್ಲದ ಬಸವನಹುಳ, ಅದು ಒಣಬೂದಿ ದಾಟಂಗಿಲ್ಲ. ಮೈಗೆಲ್ಲ ಮೆತ್ತಿಕೊಳ್ಳತೈತಿ. ಅಂವ ಹೋಗೂ ಮುಂದ ನನಗ ಹೇಳ್ಯಾನ, 'ಯಂಕಪ್ಪ, ಆ ಅಮ್ಮಾರ ಹೊಸ್ತಿಲಿಗೆ ದಿನಾ ಒಂದು ಗೆರಿ ಹಾಕು, ಮರೀಬ್ಯಾಡ' ಅಂತ." ಅವನು ಒದ್ದೆ ಹೊಸ್ತಿಲನ್ನು ನೋಡಿದ. "ಹಿಂಗ ನೀರು ಹೊಡದ್ರ ಹೆಂಗ ತಂಗಿ? ಅವಕ್ಕ ಹಾದಿ ಮಾಡಿ ಕೊಟ್ಟಂಗ ಆತಲ್ಲ!"

ಜ್ಯೋತ್ಸ್ನಾ ಹೊಸ್ತಿಲ ಮೇಲೆಯೇ ಕುಸಿದು ಕುಳಿತಳು. ಬಾಗಿಲು ಕಾಯುತ್ತಿದ್ದವನನ್ನು ಓಡಿಸಿ, ತಾನೇ ಕೈಯಾರೆ ನೀರೆರೆದು ಆ ಹುಳುಗಳನ್ನು ಒಳಗೆ ಕರೆದಿದ್ದಳು. ಒಳಗೆ ಅಮ್ಮ ಎರಡು ಬೆರಳು ಉಜ್ಜಿ ಬಾಗಿಲು ತೋರಿಸುತ್ತಿದ್ದರು. ಬೂದಿ ಹಾಕು... ಬೂದಿ ಹಾಕು... ಇಷ್ಟು ದಿನ ಅಮ್ಮ ಹೇಳುತ್ತಿದ್ದದ್ದು ಅದನ್ನೇ!

ಗ್ಯಾಸ್ ಸಿಲಿಂಡರಿನ ದಿನ ಬರೆದುಕೊಂಡ ನಂಬರ್ ಇನ್ನೂ ಇತ್ತು. ಒಂದೇ ರಿಂಗಿಗೆ ಅವನು ಎತ್ತಿದ.

"ಅಮ್ಮಂಗೆ ಏನಾದ್ರೂ ಆಯ್ತಾ?"

ಹಲೋ ಇಲ್ಲ, ಯಾರು ಎಂಬುದಿಲ್ಲ, ದೂರಿಲ್ಲ. ಅವಳಿಗೆ ಅಳು ಬಂತು. "ಬನ್ನಿ..." ಎನ್ನಲಷ್ಟೇ ಆಯಿತು.

ಒಂದು ಗಂಟೆಯೊಳಗೆ ಅವನು ಠಾಣೆ ರೈಲ್ವೆ ಸ್ಟೇಷನ್ನಿನಿಂದ ಓಡಿಕೊಂಡೇ ಬಂದಿದ್ದ. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಷ್ಟು ಓಡಿ ಬಂದವನು ಬಾಗಿಲಿಗೆ ಎರಡು ಹೆಜ್ಜೆ ಇರುವಾಗ ನಿಂತುಬಿಟ್ಟ.

"ಬಾಗಿಲ ಹತ್ರ ಬರ್ಬೇಡ ಅಂದಿದ್ರಿ..."

"ನೀವು ಒಂದು ಮಾತು ಹೇಳ್ಬಹುದಿತ್ತಲ್ಲ! ಯಾಕೆ ಹೇಳ್ಲಿಲ್ಲ?"

"ನಿಮ್ಮಮ್ಮ ಬೇಡ ಅಂದ್ರು ರೀ." ಅವನು ತಲೆ ತಗ್ಗಿಸಿದ. "ಒಂದು ಸಂಜೆ ಆಫೀಸಿಂದ ಬರ್ತಿದ್ದೆ, ಕಿಟಕಿಯಿಂದ ಅವರ ಸದ್ದು ಕೇಳಿಸ್ತು. ನೋಡಿದ್ರೆ ಕತ್ತಿನ ಮೇಲೆ ಒಂದು ಹುಳು. ಸರಳಿನ ಮಧ್ಯೆ ಕೈ ಹಾಕಿ ತೆಗೆದೆ. ನೀವು ಒಳಗೆ ಅಡುಗೆ ಮಾಡ್ತಿದ್ರಿ. ಕರೀಬೇಕು ಅನ್ನೋಷ್ಟರಲ್ಲಿ ಅವರು ಎರಡು ಬೆರಳನ್ನ ಬೇಡ ಬೇಡ ಅನ್ನೋ ಹಾಗೆ ಆಡ್ಸಿ, ನಿಮ್ಮ ಕಡೆ ತೋರ್ಸಿದ್ರು. ಗೊತ್ತಾದ್ರೆ ನೀವು ನಿದ್ದೆ ಮಾಡಲ್ಲ ಅಂತ. ಮೊನ್ನೆ ನೀವು ಬೈಯುವಾಗ್ಲೂ ಹಾಗೇ ಮಾಡಿದ್ರು."

ಜ್ಯೋತ್ಸ್ನಾ ತಿರುಗಿ ಅಮ್ಮನನ್ನು ನೋಡಿದಳು. ಅಮ್ಮ ಕಣ್ಣು ಮುಚ್ಚಿಕೊಂಡರು, ಸಿಕ್ಕಿಬಿದ್ದ ಮಗುವಿನ ಹಾಗೆ.

"ಎರಡು ವಾರ... ದಿನಾ... ಅಮ್ಮನಿಗೋಸ್ಕರ?"

"ಮೊದಲ ದಿನ ಅಮ್ಮನಿಗೋಸ್ಕರ."

"ಆಮೇಲೆ?"

ಮಳೆ ಸುರಿಯುತ್ತಲೇ ಇತ್ತು. ಅವನು ಮುಖದ ಮೇಲಿನ ನೀರು ಒರೆಸಿಕೊಂಡ.

"ಆಮೇಲೆ... ನೀವು ಹಾಲು ತಗೊಳ್ಳೋಕೆ ಐದು ನಿಮಿಷ ತಡವಾಗಿ ಬರ್ತೀರಲ್ಲ, ನಾನೂ ಅಷ್ಟೇ ತಡ ಮಾಡ್ತಿದ್ದೆ. ಗೊತ್ತಾಗ್ಲಿಲ್ವಾ ನಿಮ್ಗೆ?"

ಅವಳು ಅಳುತ್ತಲೇ ನಕ್ಕಳು. ಸೆರಗಿನ ತುದಿಯಿಂದ ಹೊಸ್ತಿಲನ್ನು ಒರೆಸಿ ಒಣಗಿಸಿದಳು. ಯಂಕಪ್ಪ ಕೊಟ್ಟ ಚೀಲದಿಂದ ಒಂದು ಮುಷ್ಟಿ ಬೂದಿ ತೆಗೆದಳು. ಮೂರು ದಿನ ಯಾವುದಕ್ಕೆ ಹೆದರಿ ನಡುಗಿದ್ದಳೋ ಅದು ಈಗ ಅವಳ ಅಂಗೈಯಲ್ಲಿ ಬೆಚ್ಚಗಿತ್ತು.

"ಹಾಕಿ," ಅವನು ಒಂದು ಹೆಜ್ಜೆ ಹಿಂದೆ ಸರಿದ. "ನಾನು ಹೊರಗೇ ಇರ್ತೀನಿ."

"ಇಲ್ಲ. ನೀವು ಮೊದ್ಲು ಒಳಗೆ ಬನ್ನಿ."

"ಗೆರೆ ಹಾಕಿದ್ಮೇಲೆ ನಾನು ದಾಟಿ ಹೋಗೋದು ಹೇಗೆ?"

ಜ್ಯೋತ್ಸ್ನಾ ಬೂದಿ ಹಿಡಿದ ಕೈಯನ್ನು ಎದೆಗೆ ಒತ್ತಿಕೊಂಡು ಬಾಗಿಲ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.

"ಹೋಗ್ಬೇಕು ಅಂತ ನಿಮ್ಗೆ ಯಾರು ಹೇಳಿದ್ದು?"