ಲಿಥುವೇನಿಯಾ ಸಂಘದ ಬಾವುಟ

೧೯೩೨ರ ಫೆಬ್ರವರಿ ಹದಿಮೂರು, ಬೆಳಿಗ್ಗೆ. ಎಸ್ಟೋನಿಯಾದ ತಾರ್ತು ಠಾಣೆಗೆ ಇಬ್ಬರು ವಿದ್ಯಾರ್ಥಿಗಳು ಬಂದು ದೂರು ಕೊಟ್ಟರು. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಓದುವ ಲಿಥುವೇನಿಯಾದವರ ಸಂಘದ ಬಾವುಟ ಕಳುವಾಗಿತ್ತು. ರಷ್ಯಾದ ತ್ಸಾರ್ ದೊರೆಯ ಕಾಲದಲ್ಲಿ ಸಂಘ ಕದ್ದುಮುಚ್ಚಿ ನಡೆಯುತ್ತಿದ್ದಾಗ, ಸ್ಥಾಪಕರು ಹಾಸಿಗೆಯೊಳಗೆ ಹೊಲಿದಿಟ್ಟು ಕಾಪಾಡಿದ ಬಾವುಟ.

"ಹದಿನಾರಕ್ಕೆ ನಮ್ಮ ಸ್ವಾತಂತ್ರ್ಯ ದಿನದ ಮೆರವಣಿಗೆ ಸಾರ್. ಬಾವುಟ ಇಲ್ದೆ ಹೋದ್ರೆ ಮಾನ ಹರಾಜಾಗುತ್ತೆ," ಅಂದ ಅಧ್ಯಕ್ಷ ಬ್ರೋನ್ಯುಸ್. ಜೊತೆಗಿದ್ದವನು ಜಿಗ್ಮಾಸ್, ಮೆರವಣಿಗೆಯಲ್ಲಿ ಬಾವುಟ ಹಿಡಿಯುವವನು.

ಇನ್ಸ್‌ಪೆಕ್ಟರ್ ರೌದ್ಸೆಪ್‌ಗೆ ಮೈ ಉರಿಯಿತು. ಊರಲ್ಲಿ ಜನ ಚಳಿಗೆ ಸಾಯುತ್ತಿದ್ದಾರೆ, ಇವರಿಗೆ ಬಟ್ಟೆಯ ಚಿಂತೆ! ಆದರೂ ಎಫ್‌ಐಆರ್ ಬರೆಸಿ, ಕಾನ್‌ಸ್ಟೆಬಲ್ ಪಿಹ್ಲಾಕ್ ಜೊತೆ ಸಂಘದ ಕೋಣೆಗೆ ಹೊರಟ.

ಬೀರುವಿನ ಬೀಗ ಒಡೆದಿರಲಿಲ್ಲ. ಬೆಳ್ಳಿ ತುದಿಯ ಕೋಲು ಹಾಗೇ ಇತ್ತು. ಪಂಚನಾಮೆ ಬರೆಯುತ್ತಿದ್ದ ಪಿಹ್ಲಾಕ್ ನಕ್ಕ. "ಬೆಳ್ಳಿ ಬಿಟ್ಟು ಬಟ್ಟೆ ಕದಿಯೋ ಕಳ್ಳ ಯಾವನಪ್ಪಾ?"

"ಇನ್ನೇನು ಹೋಗಿದೆ?" ಕೇಳಿದ ರೌದ್ಸೆಪ್.

ಬ್ರೋನ್ಯುಸ್ ತಡಕಾಡಿದ. "ಕರಿ ರಿಬ್ಬನ್ನು. ಸದಸ್ಯರು ಸತ್ರೆ ಕೋಲಿಗೆ ಕಟ್ಟೋದು. ಗುಂಡಿ ಮೇಲೆ ಬಾವುಟವನ್ನ ಮೂರು ಸಲ ಬಾಗಿಸ್ತೀವಿ."

"ಈಚೆಗೆ ಯಾರು ಸತ್ರು?"

"ನಮ್ಮೋರು ಯಾರೂ ಇಲ್ಲ."

"ನಿಮ್ಮೋರಲ್ಲದೋರು?"

ಬ್ರೋನ್ಯುಸ್ ನೆಲ ನೋಡಿದ. "ಫೆಲಿಕ್ಸಾಸ್. ಹೋದ ವಾರ, ಕ್ಷಯ ಆಗಿ. ಅವನನ್ನ ಸಂಘದಿಂದ ಹೊರಗೆ ಹಾಕಿದ್ವಿ. ವಿಲ್ನಿಯುಸ್ ನಮ್ಮ ರಾಜಧಾನಿ ಸಾರ್, ಪೋಲೆಂಡಿನೋರು ನುಂಗಿ ಕೂತಿದಾರೆ. ಅವರ ವೀಸಾಗೆ ಕೈಯೊಡ್ಡಲ್ಲ ಅಂತ ಎಲ್ಲರೂ ಆಣೆ ಮಾಡಿದೀವಿ. ಇವನು ಒಡ್ಡಿ, ಅಲ್ಲಿಗೆ ಹೋಗಿಬಂದ."

"ಯಾವ ಕೆಲಸಕ್ಕೆ?"

"ಅವರಮ್ಮನ್ನ ಮಣ್ಣು ಮಾಡೋಕೆ," ಅಂದ ಜಿಗ್ಮಾಸ್. ಬೆಳಿಗ್ಗೆಯಿಂದ ಅವನು ಆಡಿದ ಮೊದಲ ಮಾತು ಅದು.

ಮಧ್ಯಾಹ್ನ ಸ್ಮಶಾನದಲ್ಲಿ ಫೆಲಿಕ್ಸಾಸ್‌ನ ಶಿಲುಬೆಗೆ ಕರಿ ರಿಬ್ಬನ್ನು ಕಟ್ಟಿದ್ದು ಸಿಕ್ಕಿತು; ರೌದ್ಸೆಪ್ ಅದನ್ನು ಬಿಚ್ಚಿ ವಶಕ್ಕೆ ಪಡೆದ. ಕಾವಲುಗಾರ ಹೇಳಿಕೆ ಕೊಟ್ಟ: "ಹೆಣದ ಹಿಂದೆ ಬಂದಿದ್ದು ಒಬ್ನೇ ಹುಡುಗ. ಪೆಟ್ಟಿಗೆಗೆ ಮೊಳೆ ಹೊಡೆಯೋ ಮುಂಚೆ, ಸ್ವಲ್ಪ ಹೊರಗಿರಿ ಅಂದ."

ಸಂಜೆ ಠಾಣೆಯಲ್ಲಿ ವಿಚಾರಣೆ.

"ಬೀರು ಕೀಲಿ ನಿನ್ನ ಹತ್ರ ಇತ್ತು."

"ಹೌದು," ಅಂದ ಜಿಗ್ಮಾಸ್.

"ದೂರು ಕೊಡೋಕೂ ನೀನೇ ಬಂದೆ."

"ಬಾವುಟ ಹಿಡಿಯೋನು ನಾನು ಸಾರ್. ಬರದೆ ಇರೋಕಾಗುತ್ತಾ?"

ರೌದ್ಸೆಪ್ ಬ್ರೋನ್ಯುಸ್‌ನನ್ನು ಕರೆಸಿ, ಗೋರಿ ಅಗೆಯುವ ಅರ್ಜಿಯನ್ನು ಮುಂದಿಟ್ಟ. "ರುಜು ಹಾಕು. ನಾಳೆ ಅಗೆಸ್ತೀನಿ. ಹದಿನಾರಕ್ಕೆ ನಿನ್ನ ಬಾವುಟ ನಿನ್ನ ಕೈಲಿ."

ಬ್ರೋನ್ಯುಸ್ ಪೆನ್ನು ತೆಗೆದುಕೊಂಡ. ತಲೆ ಎತ್ತದೆ ಜಿಗ್ಮಾಸ್‌ನನ್ನು ಕೇಳಿದ, "ಮಡಚಿಟ್ಟಿದ್ದೀಯೇನೋ?"

"ಹೊದಿಸಿದೀನಿ ಕಣೋ. ಚಳಿ, ಚಳಿ ಅಂತಾನೇ ಜೀವ ಬಿಟ್ಟ."

ಪೆನ್ನು ಕೆಳಗಿಟ್ಟ ಬ್ರೋನ್ಯುಸ್ ಎದ್ದು ಹೋದ. ಆರು ಗಂಟೆಗೆ ಜಿಗ್ಮಾಸ್‌ನ ದಸ್ತಗಿರಿ ದಾಖಲಾಯಿತು. ಕಳವಿನ ಕಾರಣ ಬರೆಯಬೇಕಾದಲ್ಲಿ ರೌದ್ಸೆಪ್ 'ಸ್ನೇಹ' ಎಂದಷ್ಟೇ ಬರೆದ.

ಹದಿನೈದರಂದು ಬ್ರೋನ್ಯುಸ್ ಮತ್ತೆ ಠಾಣೆಗೆ ಬಂದು ಕರಿ ರಿಬ್ಬನ್ನು ಮಾತ್ರ ಕೇಳಿ ತೆಗೆದುಕೊಂಡು ಹೋದ. ಮರುದಿನ ಮೆರವಣಿಗೆಯ ಮುಂದೆ ಅವನೇ ನಡೆದ. ಕೈಯಲ್ಲಿ ಬರೀ ಕೋಲು, ಅದಕ್ಕೆ ಕಟ್ಟಿದ ಆ ರಿಬ್ಬನ್ನು.