ಐದು ಸುತ್ತಿನ ಕ್ಯಾಲರಿ

“ಓಡುವಾಗ ಒಳಗೆ ಉರಿಯೋದಾದ್ರೂ ಏನು?”

ಗುಬ್ಬಿ ಯಾರನ್ನೂ ಕೇಳಿದ್ದಲ್ಲ. ಅಪ್ಪನ ತಕ್ಕಡಿ ರಿಪೇರಿ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಮಡಿಲಲ್ಲಿದ್ದ ನೋಟ್‌ಬುಕ್ಕಿಗೆ ಕೇಳಿದ್ದಳು. ಮೇಜಿನಡಿಯಿಂದ ಅಪ್ಪನ ದನಿ ಬಂತು.

“ಕಡ್ಡಿ ಗೀರದೆ ಉರಿಯೋದು ನಂಗೆ ಗೊತ್ತಿರೋದು ಒಂದೇ ಕಣಮ್ಮ. ಹೊಟ್ಟೆಕಿಚ್ಚು!”

“ತಮಾಷೆ ಬೇಡಪ್ಪ. ಕ್ಯಾಲರಿ ಉರಿಯುತ್ತೆ ಅಂತ ಮಿಸ್ ಹೇಳಿದಾರೆ.”

“ಹಾಗಾದ್ರೆ ಹೊಗೆ ಎಲ್ಲಿ?”

ಗುಬ್ಬಿ ಅಂಗೈ ಮೇಲೆ ‘ಹಾ’ ಎಂದು ಉಸಿರು ಬಿಟ್ಟು ನೋಡಿದಳು. ಹೊಗೆ ಬರಲಿಲ್ಲ. ಬೆಚ್ಚಗಂತೂ ಇತ್ತು.

ತಿಂದ ಊಟವೇ ಮೈಯೊಳಗಿನ ಸೌದೆ ಎಂದಿದ್ದರು ಮಿಸ್. ಅದು ಸದ್ದಿಲ್ಲದೆ, ಬೆಂಕಿ ಕಾಣಿಸದೆ ಉರಿದು ನಮಗೆ ಕಸುವು ಕೊಡುತ್ತದೆ. ಆ ಕಸುವಿನ ಅಳತೆಯೇ ಕ್ಯಾಲರಿ. ಓಡಿದಾಗ ಎಷ್ಟು ಉರಿಯಿತೆಂದು ಅಂದಾಜು ಮಾಡುವುದು ಸುಲಭ. ಮೈತೂಕ ಎಷ್ಟು ಕೆಜಿಯೋ ಅದನ್ನು ಓಡಿದ ಕಿಲೋಮೀಟರಿನಿಂದ ಗುಣಿಸಿದರಾಯಿತು.

ಆಟದ ಪಿರಿಯಡ್‌ನಲ್ಲಿ ಐದನೇ ಕ್ಲಾಸಿನ ಇಪ್ಪತ್ತೆಂಟು ಮಕ್ಕಳೂ ಮೈದಾನಕ್ಕೆ ಐದು ಸುತ್ತು ಹಾಕಿದ್ದರು. ಐದು ಸುತ್ತಿಗೆ ಸರಿಯಾಗಿ ಒಂದು ಕಿಲೋಮೀಟರ್. ಎಲ್ಲರಿಗಿಂತ ಮೊದಲು ಮುಗಿಸಿದ್ದು ಗುಬ್ಬಿ. ಶಾಲೆಯ ತೂಕದ ಯಂತ್ರ ಕೆಟ್ಟು ಅಪ್ಪನ ಅಂಗಡಿಗೇ ಬಂದಿತ್ತು. ಅಪ್ಪ ಅದರ ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸಿದ್ದೇ ತಡ, ಮಕ್ಕಳು ಸಾಲಾಗಿ ಬಂದು ಹತ್ತಿ ಇಳಿದು ಹೋಗಿದ್ದರು. ತೂಕ ಬರೆದುಕೊಂಡು ಚಾರ್ಟ್ ಮಾಡುವ ಕೆಲಸ ಗುಬ್ಬಿಯದು.

ಇಪ್ಪತ್ತೇಳು ಮುಗಿದಿತ್ತು. ಒಬ್ಬಳು ಬಾಕಿ.

ಬೀದಿ ಖಾಲಿಯಾದ ಮೇಲೆ ಅವಳು ಬಂದಳು. ಅವಳೇ ಕೋಗಿಲೆ, ಗುಬ್ಬಿಯ ಪ್ರಾಣಸ್ನೇಹಿತೆ. ಎಷ್ಟುದ್ದದ ಪದ್ಯವಾದರೂ ಒಂದು ಕಡೆಯೂ ತಡವರಿಸದೆ ರಾಗವಾಗಿ ಹೇಳುತ್ತಿದ್ದಳು. ಅದಕ್ಕೇ ಆ ಹೆಸರು.

“ಎಲ್ಲರೂ ಹೋದ್ರಾ?”

“ಹೂಂ, ಹತ್ತು ಬಾರೇ.”

“ಅಂಕಲ್, ನೀವು ಸ್ವಲ್ಪ ಆ ಕಡೆ ತಿರುಗಿ.”

ಅಪ್ಪ ಗೋಡೆಯ ಕಡೆ ತಿರುಗಿ ಕೂತರು. “ನಿಂಗೆ ಬಣ್ಣ ಹೊಡೆಸಿ ಎಷ್ಟು ವರ್ಷ ಆಯ್ತೋ ಏನೋ,” ಎಂದು ಗೋಡೆಯನ್ನೇ ಮಾತಾಡಿಸಿದರು.

ಕೋಗಿಲೆ ಶೂ ಬಿಚ್ಚಿದಳು. ತಲೆಯ ಕ್ಲಿಪ್ ತೆಗೆದಳು. ಜೇಬಿನಲ್ಲಿದ್ದ ರಬ್ಬರನ್ನೂ ತೆಗೆದಿಟ್ಟಳು. ಮುಳ್ಳು ನಡುಗಿ ನಡುಗಿ ನಲವತ್ತೇಳಕ್ಕೆ ನಿಂತಿತು.

“ಗುಬ್ಬಿ, ಇದು ಯಾರಿಗೂ ಗೊತ್ತಾಗ್ಬಾರ್ದು,” ಎಂದಳು ಮೆಲ್ಲಗೆ. “ಹೋದ ವರ್ಷ ಗೊತ್ತಾಗಿ ಏನಾಯ್ತು ನೆನಪಿದ್ಯಲ್ಲ? ನಾನು ಪದ್ಯ ಹೇಳೋಕೆ ನಿಂತ್ರೆ ಹಿಂದಿನ ಬೆಂಚಿನವರು ನನ್ನ ತೂಕ ಕೂಗ್ತಿದ್ರು. ಮತ್ತೆ ಹಾಗಾದ್ರೆ ನಾನು ಪದ್ಯ ಹೇಳೋದೇ ಬಿಟ್ಟುಬಿಡ್ತೀನಿ.”

“ಚಾರ್ಟಲ್ಲಿ ತೂಕ ಹಾಕೋದೇ ಇಲ್ಲ ಕಣೇ. ಬರೀ ಕ್ಯಾಲರಿ. ಪ್ರಾಮಿಸ್!”

ಕೋಗಿಲೆ ಹೋದ ಮೇಲೆ ಗುಬ್ಬಿ ಲೆಕ್ಕ ಹಾಕಿದಳು. ತನ್ನದು ಇಪ್ಪತ್ತನಾಲ್ಕು ಕ್ಯಾಲರಿ. ಕೋಗಿಲೆಯದು ನಲವತ್ತೇಳು.

“ಇದು ಮೋಸ!” ಎಂದು ಎದ್ದು ನಿಂತಳು. “ಫಸ್ಟ್ ಬಂದಿದ್ದು ನಾನು. ಅವಳು ಲಾಸ್ಟ್. ನಾನು ನೀರು ಕುಡಿದು, ಶೂ ಬಿಚ್ಚಿ, ಕಾಲು ಚಾಚಿ ಕೂತ ಮೇಲೆ ಬಂದ್ಲು. ಅವಳದು ನಂದರ ಎರಡರಷ್ಟಾ?”

“ನೋಡಿದ್ಯಾ, ಉರೀತಾ ಇದೆ,” ಎಂದರು ಅಪ್ಪ. “ಕಡ್ಡಿ ಗೀರಿದ್ಯಾರು?”

ಗುಬ್ಬಿ ಮೂತಿ ಊದಿಸಿದಳು.

“ಸರಿ, ಓಡಿ ಹೋಗಿ ಬೀದಿ ಮೂಲೆಯ ಅಂಚೆ ಡಬ್ಬಿ ಮುಟ್ಟಿ ಬಾ.”

ಗುಬ್ಬಿ ಹೋಗಿ ಬಂದಳು. ಅವಳಿಗೆ ಅದು ನೀರು ಕುಡಿದಷ್ಟು ಸುಲಭ. ಆಮೇಲೆ ಅಪ್ಪ ಅವಳ ಸ್ಕೂಲ್ ಬ್ಯಾಗು ಖಾಲಿ ಮಾಡಿ, ಅದರೊಳಗೆ ಐದು ಕೆಜಿಯ ಕಬ್ಬಿಣದ ತೂಕದ ಕಲ್ಲು ಇಟ್ಟರು. “ಈಗ ಹೋಗಿ ಬಾ.”

ಹೆಜ್ಜೆಗೊಮ್ಮೆ ಬ್ಯಾಗು ಬೆನ್ನಿಗೆ ಗುದ್ದುತ್ತಿತ್ತು. ಹೋಗುವಾಗಲೇ ಕಾಲು ಸೋತವು. ಬರುವಷ್ಟರಲ್ಲಿ ಗುಬ್ಬಿ ಏದುಸಿರು ಬಿಡುತ್ತಿದ್ದಳು.

“ಬೇಗ ಓಡಿದ್ರೆ ದಾರಿ ಬೇಗ ಮುಗಿಯುತ್ತೆ, ನಿಜ,” ಎಂದರು ಅಪ್ಪ ಬ್ಯಾಗು ಇಳಿಸುತ್ತಾ. “ಹೊರೆ ಏನೂ ಕಮ್ಮಿ ಆಗಲ್ವಲ್ಲ. ನಿಮ್ಮ ಮಿಸ್ ಹೇಳಿದ್ದು ಅಂದಾಜು. ಆದ್ರೆ ಸುಳ್ಳಲ್ಲ.”

ಗುಬ್ಬಿ ಮೆಟ್ಟಿಲ ಮೇಲೆ ಕುಸಿದಳು. ಇದು ಬರೀ ಐದು ಕೆಜಿ! ಕೋಗಿಲೆಯ ಕೊನೆಯ ಸುತ್ತು ಕಣ್ಣಿಗೆ ಕಟ್ಟಿತು. ಮುಖ ಕೆಂಪಗಾಗಿತ್ತು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಎಲ್ಲರೂ ಕೂತು ನಗುತ್ತಿದ್ದರು.

“ಅವಳು ಒಂದು ಸಲಾನೂ ನಿಲ್ಲಲಿಲ್ಲಪ್ಪ,” ಎಂದಳು ಗುಬ್ಬಿ.

ಮರುದಿನ ಬೆಳಿಗ್ಗೆ ಕ್ಲಾಸಿನಲ್ಲಿ ಚಾರ್ಟ್ ಅಂಟಿಸುವ ಗಡಿಬಿಡಿ. ಗುಬ್ಬಿ ಕುರ್ಚಿ ಹತ್ತಿ, ಮೇಲಿನ ಎರಡು ಮೂಲೆಗೆ ಟೇಪ್ ಹಚ್ಚಿ, ಸುರುಳಿಯನ್ನು ನಿಧಾನವಾಗಿ ಕೆಳಗೆ ಬಿಚ್ಚುತ್ತಿದ್ದಳು. ಒಂದು ಸಾಲು ಹೆಸರು, ಒಂದು ಸಾಲು ಕ್ಯಾಲರಿ. ಕೊನೆಗೆ ತೂಗಿದ ಕೋಗಿಲೆಯ ಹೆಸರು ಎಲ್ಲರದಕ್ಕಿಂತ ಕೆಳಗಿತ್ತು.

“ನಂದು ಮೂವತ್ತೊಂದು ಕ್ಯಾಲರಿ!” ಎಂದು ಮಾನಿಟರ್ ಹುಡುಗ ಕುಣಿದ. ಆಮೇಲೆ ತಲೆ ಕೆರೆದುಕೊಂಡ. “ಅರೆ! ನಿನ್ನೆ ನನ್ನ ತೂಕಾನೂ ಮೂವತ್ತೊಂದೇ ಅಲ್ವಾ?”

“ನಂದೂ ಹಾಗೇ ಇದೆ ಕಣೋ! ಇಪ್ಪತ್ತೊಂಬತ್ತಕ್ಕೆ ಇಪ್ಪತ್ತೊಂಬತ್ತು!” ಎಂದು ಇನ್ನೊಬ್ಬಳು ಕೂಗಿದಳು.

ಗುಬ್ಬಿಯ ಕೈ ಅಲ್ಲೇ ನಿಂತಿತು. ಎಲ್ಲರೂ ಓಡಿದ್ದು ಒಂದೇ ಕಿಲೋಮೀಟರ್. ಯಾವುದನ್ನೇ ಒಂದರಿಂದ ಗುಣಿಸಿದರೂ ಬರುವುದು ಅದೇ! ಒಂದನೇ ಮಗ್ಗಿ! ತೂಕವನ್ನು ಬಚ್ಚಿಟ್ಟೆ ಎಂದುಕೊಂಡು, ಅದಕ್ಕೇ ಕ್ಯಾಲರಿ ಎಂಬ ಟೋಪಿ ಹಾಕಿ ಗೋಡೆಗೇರಿಸುತ್ತಿದ್ದಳು.

ಬಾಗಿಲ ಬಳಿ ಕೋಗಿಲೆ ನಿಂತಿದ್ದಳು. ಅವಳಿಗೂ ಅರ್ಥವಾಗಿತ್ತು. ಇನ್ನೂ ಬಿಚ್ಚದ ಸುರುಳಿಯನ್ನೇ ನೋಡುತ್ತಿದ್ದಳು.

ಗುಬ್ಬಿ ಪರ್ರನೆ ಟೇಪ್ ಕಿತ್ತಳು. ಚಾರ್ಟ್ ಸುತ್ತಿ ಕಂಕುಳಲ್ಲಿ ಇರುಕಿಕೊಂಡಳು.

“ಏಯ್, ಪೂರ್ತಿ ಬಿಚ್ಚೇ!” ಎಂದು ಗಲಾಟೆ ಎದ್ದಿತು. ಅಷ್ಟರಲ್ಲಿ ಮಿಸ್ ಬಂದರು.

“ಯಾಕಮ್ಮ, ಚಾರ್ಟ್ ಆಗಿಲ್ವಾ?”

“ಆಗಿದೆ ಮಿಸ್. ಆದ್ರೆ ಹಾಕಲ್ಲ. ನೀವು ಬೇಕಾದ್ರೆ ಮಾರ್ಕ್ಸ್ ಕೊಡ್ಬೇಡಿ.” ಗುಬ್ಬಿ ಸುರುಳಿಯನ್ನು ಇನ್ನಷ್ಟು ಒತ್ತಿ ಹಿಡಿದಳು. “ಎಲ್ಲರೂ ಓಡಿದ್ದು ಒಂದೇ ಕಿಲೋಮೀಟರ್ ಅಲ್ವಾ? ಕ್ಯಾಲರಿ ಅಂತ ಬರೆದಿರೋದೆಲ್ಲ ಅವರವರ ತೂಕಾನೇ ಮಿಸ್.”

ಮಿಸ್ ಸುರುಳಿ ನೋಡಿದರು, ಬಾಗಿಲ ಕಡೆ ನೋಡಿದರು. “ಅಯ್ಯೋ, ನಂಗೂ ಹೊಳೀಲೇ ಇಲ್ವಲ್ಲ!” ಎಂದರು.

“ಎಲ್ಲರದ್ದೂ ಕೂಡಿಸಿ ಬರೀಲಾ ಮಿಸ್?”

“ಬರಿ, ಬರಿ.”

ಗುಬ್ಬಿ ನೋಟ್‌ಬುಕ್ಕಿನಲ್ಲಿ ಕೂಡಿಸಿ, ಮತ್ತೊಮ್ಮೆ ಕೂಡಿಸಿ, ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಳು: ನಮ್ಮ ಕ್ಲಾಸ್, ಐದು ಸುತ್ತು, 862 ಕ್ಯಾಲರಿ.

“ಅಬ್ಬಬ್ಬಾ!” ಎಂದಿತು ಇಡೀ ಕ್ಲಾಸು. ಕೋಗಿಲೆ ಅಷ್ಟು ಹೊತ್ತು ಹಿಡಿದಿದ್ದ ಉಸಿರು ಬಿಟ್ಟು, ಒಳಗೆ ಬಂದು ತನ್ನ ಜಾಗದಲ್ಲಿ ಕೂತಳು.

ಗುಬ್ಬಿ ಅವಳ ಪಕ್ಕ ಕೂರುವಷ್ಟರಲ್ಲಿ ಮಾನಿಟರ್ ಬೆಂಚಿನ ಮೇಲೆ ಬಗ್ಗಿದ.

“ಗುಬ್ಬಿ, ಅದರಲ್ಲಿ ಎಲ್ಲರಿಗಿಂತ ಜಾಸ್ತಿ ಯಾರದು? ನನಗೊಬ್ಬನಿಗೆ ಹೇಳೇ, ಪ್ಲೀಸ್. ದೇವರಾಣೆ, ನಾನು ಯಾರಿಗೂ ಹೇಳಲ್ಲ.”

“ನಾನೂ ಯಾರಿಗೂ ಹೇಳಲ್ಲ,” ಎಂದಳು ಗುಬ್ಬಿ.