ಪುಟ್ಟನ ನಿದ್ದೆ

“ಎಲ್ಲಾ ನೋಡಿ ಮೇಡಮ್ಮ, ಎಲ್ಲಾ ಮುಟ್ಟಿ. ಮೇಲಿನ ದೊಡ್ಡ ಕೋಣೇಲಿ ಮಾತ್ರ ಮಲಗ್ಬೇಡಿ. ಕಣ್ಣು ಕೂಡ ಮುಚ್ಬೇಡಿ.”

ಗೇಟಿನ ಬೀಗ ತೆಗೆಯುತ್ತ ಕಾವಲಿನ ಹುಚ್ಚಮ್ಮ ಹೇಳಿದ ಮಾತಿಗೆ ಅನುಪಮಾ ನಕ್ಕಳು. ಮೈಸೂರಿನಿಂದ ಕಾರು ಓಡಿಸಿಕೊಂಡು ಬಂದು ಅವಳ ಸೊಂಟ ಹಿಡಿದುಹೋಗಿತ್ತು. “ಮಲಗೋಕೆ ಯಾರಿಗಮ್ಮ ಪುರುಸೊತ್ತು? ನಿಮ್ಮ ದೆವ್ವ ಒಂದರ್ಧ ಗಂಟೆ ನಿದ್ದೆ ಕೊಡಿಸೋ ಹಾಗಿದ್ರೆ ನಾನೇ ಅದಕ್ಕೆ ಕೋಳಿ ಕೊಡ್ತೀನಿ.”

“ದೆವ್ವ ಅಲ್ಲ. ಮಾಟ.”

ಮುದುಕಿಯ ಮುಖದಲ್ಲಿ ಕೋಪವಿರಲಿಲ್ಲ. ಹೇಳಿ ಹೇಳಿ ಸವೆದ ಮಾತನ್ನು ಇನ್ನೊಮ್ಮೆ ಹೇಳಿ ಮುಗಿಸಿದವಳ ಹಾಗೆ ಸೆರಗಿನಿಂದ ಬಾಯಿ ಒರೆಸಿಕೊಂಡು ಪಕ್ಕಕ್ಕೆ ಸರಿದಳು.

ಅನುಪಮಾ ಸಿವಿಲ್ ಎಂಜಿನಿಯರು. ಭಾರಿ ಮನೆಗಳನ್ನು ಕೊಳ್ಳುವವರು ಮಾತು ಮುಗಿಸುವ ಮೊದಲು ಅವಳನ್ನು ಕರೆಸಿ ಮನೆಯ ಹುಳುಕು ಹುಡುಕಿಸುತ್ತಿದ್ದರು. ಮನೆ ಹೊಳೆದಷ್ಟೂ ಬಚ್ಚಿಡುವುದು ಹೆಚ್ಚು ಎಂಬುದು ಇಷ್ಟು ವರ್ಷಗಳಲ್ಲಿ ಅವಳಿಗೆ ತಿಳಿದಿದ್ದ ಸತ್ಯ. ಒಂದೇ ಗೋಡೆಗೆ ಹೊಸ ಬಣ್ಣದ ವಾಸನೆ ಬಂದರೆ ಅದರ ಹಿಂದೆ ನೀರು ಜಿನುಗುತ್ತಿದೆ ಎಂದರ್ಥ. ತೇಗದ ಸೂರು ಎಷ್ಟು ಚೆಂದವೋ ಅದರ ಮೇಲೆ ಗೆದ್ದಲು ಅಷ್ಟೇ ನೆಮ್ಮದಿಯಿಂದಿರುತ್ತದೆ. ಇಟಲಿಯ ಕಲ್ಲು ಹಾಸಿದ ಬಚ್ಚಲಲ್ಲಿ ನೀರು ಹೋಗಲು ಇಳಿಜಾರೇ ಇರುವುದಿಲ್ಲ. ಊರೂರಿನ ಇಂಥ ಮನೆಗಳ ಹುಳುಕು ಎತ್ತಿ ತೋರಿಸಿ ತೋರಿಸಿ ಅವಳಿಗೆ ಮನೆಗಳೆಂದರೇ ಬೇಸರ ಬಂದಿತ್ತು. ಅವಳ ಸ್ವಂತ ಮನೆಯಲ್ಲಿ ಸೊಂಟದ ಮೂಳೆ ಮುರಿದುಕೊಂಡ ತಾಯಿ ಮಲಗಿದ್ದರು. ರಾತ್ರಿಯಿಡೀ ‘ಅನೂ, ಅನೂ’ ಎಂದು ಕರೆಯುತ್ತಿದ್ದರು. ಅವಳಿಗೆ ಒಂದು ಇಡೀ ರಾತ್ರಿಯ ನಿದ್ದೆ ಎಂದರೆ ಏನೆಂದೇ ಮರೆತುಹೋಗಿತ್ತು.

ನೆಲ್ಯಹುದಿಕೇರಿಯಿಂದ ಆಚೆ, ಹೊಳೆಯ ಮೇಲಿನ ದಿಬ್ಬದಲ್ಲಿತ್ತು ಆ ಬಂಗಲೆ. ಸುತ್ತ ಕಾಫಿ ಹೂ ಬಿಟ್ಟಿತ್ತು. ಮಟಮಟ ಮಧ್ಯಾಹ್ನದ ಬಿಸಿಲಿಗೆ ಆ ಕಂಪು ತಲೆ ಸುತ್ತಿಸುವಷ್ಟು ಗಾಢವಾಗಿ ನಿಂತಿತ್ತು. ಬಾಗಿಲು ದಾಟಿದ್ದೇ ತಡ, ಅದು ಕತ್ತರಿಸಿದಂತೆ ನಿಂತುಹೋಯಿತು. ಒಳಗಿದ್ದದ್ದು ಒದ್ದೆ ಕಲ್ಲುಪುಡಿಯ ವಾಸನೆ, ಅದರಡಿಯಲ್ಲಿ ಎಲ್ಲೋ ಸುಟ್ಟ ಕೂದಲಿನ ಸಣ್ಣ ಕಮಟು.

ಮನೆ ಮಾರಿಸಲು ಓಡಾಡುತ್ತಿದ್ದ ಮಿಲನ್ ಪಡಸಾಲೆಯಲ್ಲಿ ಕಾದಿದ್ದ. ಮೂವತ್ತರ ಹುಡುಗ, ಕಣ್ಣು ಕೆಂಡದ ಹಾಗೆ, ಕೆನ್ನೆ ಒಳಗೆ ಹೋಗಿ ಐವತ್ತರವನಂತೆ ಕಾಣುತ್ತಿದ್ದ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸುವಾಗ ಲೋಟ ತುಂಬಿದ್ದೂ ತಿಳಿಯದೆ ಅರ್ಧ ಮೇಜಿನ ಮೇಲೇ ಚೆಲ್ಲಿದ.

“ಹುಷಾರಿಲ್ವಾ?” ಅನುಪಮಾ ಕೇಳಿದಳು.

“ಏನಿಲ್ಲ ಮೇಡಂ, ನಿದ್ದೆ ಸ್ವಲ್ಪ ಕಮ್ಮಿ.” ಅವನು ಅವಳ ಮುಖ ನೋಡಲಿಲ್ಲ. “ನೀವೂ ಸುಸ್ತಾಗಿದೀರ. ಮೇಲೆ ಮಾಸ್ಟರ್ ಬೆಡ್‌ರೂಮಲ್ಲಿ ಏಸಿ ಹಾಕಿಟ್ಟಿದೀನಿ. ಕೆಲಸ ಮುಗಿಸಿ ಒಂದ್ಹತ್ತು ನಿಮಿಷ ಒರಗಿಕೊಳ್ಳಿ.”

ಕೆಳಗಿನ ಮನೆಯಲ್ಲಿ ಅವಳಿಗೆ ಹೆಚ್ಚೇನೂ ಸಿಗಲಿಲ್ಲ. ನಲ್ಲಿಗಳ ರಭಸ ಚೆನ್ನಾಗಿತ್ತು. ಈಜುಕೊಳದ ಪಂಪಿನಲ್ಲಿ ಸಣ್ಣ ಸೋರಿಕೆಯಿತ್ತು. ಕಿಟಕಿಗಳು ಬೆರಳಿಗೇ ಸರಿಯುತ್ತಿದ್ದವು. ಆದರೆ ಎಲ್ಲಕ್ಕಿಂತ ನೆಲ ಅವಳನ್ನು ನಿಲ್ಲಿಸಿತು. ಅಷ್ಟು ನಯವಾದ ಪಾಲಿಶ್ ಅವಳು ಎಲ್ಲೂ ಕಂಡಿರಲಿಲ್ಲ. ಬಗ್ಗಿ ನೋಡಿದರೆ ಕನ್ನಡಿಯಂತೆ ತನ್ನದೇ ಮುಖ, ಕಣ್ಣಡಿಯ ಕಪ್ಪು ಸಮೇತ.

ಮೇಲಿನ ಕೋಣೆಗೆ ದಪ್ಪ ಪರದೆಗಳು. ಹಗಲಿನ ಒಂದು ಎಳೆಯೂ ಒಳಗೆ ಬರುತ್ತಿರಲಿಲ್ಲ. ಅವಳು ಬಿಸಿ-ತಂಪು ತೋರಿಸುವ ಕ್ಯಾಮೆರಾ ಹಿಡಿದು ನಡೆದಳು. ಗೋಡೆ ನೀಲಿ, ಸೂರು ನೀಲಿ. ಮಂಚದ ಬದಿಯ ನೆಲದಲ್ಲಿ ಮಾತ್ರ ಕ್ಯಾಮೆರಾದ ತೆರೆಯ ಮೇಲೆ ಒಂದು ಕೆಂಪು ಆಕಾರ ಮೂಡಿತು. ಕಾಲು ಮಡಚಿ ಮಗ್ಗುಲಾಗಿ ಮಲಗಿದ ಮನುಷ್ಯನಷ್ಟು ಉದ್ದ.

ಬಿಸಿನೀರಿನ ಪೈಪು ಒಡೆದಿರಬೇಕು ಎಂದುಕೊಂಡಳು. ಟೊಳ್ಳು ಪರೀಕ್ಷಿಸುವ ಕೋಲಿನಿಂದ ನೆಲ ತಟ್ಟಿದಳು. ಟೊಳ್ಳು ಸದ್ದು. ಮತ್ತೆ ತಟ್ಟಿದಳು. ಒಳಗಿನಿಂದ ಯಾರೋ ಮಗ್ಗುಲು ಬದಲಿಸಿದಂತಾಯಿತು. ಕ್ಯಾಮೆರಾದಲ್ಲಿ ಆಕಾರ ಈಗ ಅವಳ ಕಡೆ ಮುಖ ಮಾಡಿತ್ತು.

ಕ್ಯಾಮೆರಾ ಕೆಟ್ಟಿದೆ ಎಂದು ಅದನ್ನು ಚೀಲಕ್ಕೆ ಹಾಕಿದಳು. ಮಂಚ ಪಕ್ಕದಲ್ಲೇ ಇತ್ತು. ಹುಚ್ಚಮ್ಮನ ಮಾತು ನೆನಪಾಗಿ ನಗು ಬಂತು. ಬೇಕೆಂದೇ ಚಪ್ಪಲಿ ಕಳಚಿ ಕಾಲು ಚಾಚಿದಳು. ದಿಂಬಿಗೆ ತಲೆ ತಾಗಿದ ಕ್ಷಣ ಮೈಯೆಲ್ಲ ಸಡಿಲವಾಯಿತು. ಅಬ್ಬ, ಎಂಥ ಸುಖ. ಕಣ್ಣು ತಾನೇ ಮುಚ್ಚಿತು.

ಮಂಚದಡಿಯಲ್ಲಿ ಯಂತ್ರ ಹೊರಟಿತು. ಕಲ್ಲು ಉಜ್ಜುವ ಯಂತ್ರ. ಗರ್ರ್... ಗರ್ರ್... ಹಲ್ಲಿನ ಬೇರಿನವರೆಗೂ ನಡುಕ. ಒದ್ದೆ ಕಲ್ಲುಪುಡಿ ಮೂಗಿಗೆ ತುಂಬಿತು. ಏಳಬೇಕು. ಕೈ ಏಳಲಿಲ್ಲ. ಯಾರೋ ನೆಲದಿಂದ ಎದ್ದರು. ಮಂಚ ಒಂದು ಕಡೆ ತಗ್ಗಿತು. ಒರಟು ಅಂಗೈಯೊಂದು ಅವಳ ಕಣ್ಣಿನ ಮೇಲೆ ಕೂತಿತು. ಮಗುವನ್ನು ತಟ್ಟುವಷ್ಟು ಮೆಲ್ಲಗೆ. ಹಿಂಸೆ ಇರಲಿಲ್ಲ. ಹೆದರಿಸಿದ್ದೇ ಅದು. ಕಣ್ಣಿನ ಹಿಂದಿನಿಂದ ಏನೋ ಹೊರಟಿತು. ಸೂಜಿಯಿಂದ ದಾರ ಎಳೆದ ಹಾಗೆ. ಉದ್ದಕ್ಕೆ. ಇನ್ನೂ ಉದ್ದಕ್ಕೆ. ದಾರ ಮುಗಿಯಿತು.

ಅವಳ ಕಿವಿಯ ಪಕ್ಕದಲ್ಲಿ ಯಾರೋ ಆಕಳಿಸಿ, ನಿದ್ದೆಹೋದರು.

ಮೆಟ್ಟಿಲು ಇಳಿದದ್ದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಪಡಸಾಲೆಯ ಸೋಫಾದಲ್ಲಿ ಮಿಲನ್ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಕಣ್ಣಂಚಿನಿಂದ ನೀರು ಇಳಿದು ಒಣಗಿತ್ತು. ಹೊಸ್ತಿಲಲ್ಲಿ ನಿಂತಿದ್ದ ಹುಚ್ಚಮ್ಮ ಮೊದಲು ಅವನನ್ನು ನೋಡಿದಳು, ಆಮೇಲೆ ಬರಿಗಾಲಲ್ಲಿ ನಿಂತ ಅನುಪಮಾಳನ್ನು.

“ಮಲಗಿದ್ರಾ,” ಅಂದಳು. ಅದು ಪ್ರಶ್ನೆಯಾಗಿರಲಿಲ್ಲ.

ಆ ರಾತ್ರಿ ಅನುಪಮಾಗೆ ನಿದ್ದೆ ಬರಲಿಲ್ಲ. ಮರುದಿನವೂ ಇಲ್ಲ. ವಾರ ಕಳೆಯಿತು, ವೈದ್ಯರು ಕೊಟ್ಟ ಗುಳಿಗೆಗಳು ನಾಲಗೆಯನ್ನು ಮರಗಟ್ಟಿಸಿದವು, ಕಣ್ಣನ್ನಲ್ಲ. ವಿಚಿತ್ರವೆಂದರೆ ತಾಯಿ ಈಗ ರಾತ್ರಿಯಿಡೀ ಚೆನ್ನಾಗಿ ಮಲಗುತ್ತಿದ್ದರು. ಅವರ ತೆರೆದ ಬಾಯಿ, ಏರಿಳಿಯುವ ಎದೆಯನ್ನು ನೋಡುತ್ತ ಕೂತವಳಿಗೆ ಒಂದು ಬೆಳಗಿನ ಜಾವ ಹೆತ್ತವಳ ಮೇಲೇ ದ್ವೇಷ ಉಕ್ಕಿತು. ತಟ್ಟಿ ಎಬ್ಬಿಸಲು ಕೈ ಚಾಚಿದ್ದಳು. ಆ ಕೈಯನ್ನು ತಾನೇ ನೋಡಿ ಹೆದರಿ, ಬೆಳಕು ಹರಿದ ಮೇಲೆ ಮತ್ತೆ ಬಂಗಲೆಗೆ ಹೊರಟಳು.

ಹುಚ್ಚಮ್ಮ ತೋಟದ ಆಳುಗಳ ಲೈನ್‌ಮನೆಯ ಜಗುಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಅನುಪಮಾ ನೆಲದ ಮೇಲೇ ಕುಸಿದಳು.

“ಆ ಮಾಟ ಯಾರು ಮಾಡ್ಸಿದ್ದು ಹೇಳಿ, ಅಮ್ಮ. ಕೈ ಮುಗಿತೀನಿ.”

“ನಾನೇ,” ಅಂದಳು ಮುದುಕಿ.

ಆ ನೆಲ ಉಜ್ಜಿದವನು ಅವಳ ಒಬ್ಬನೇ ಮಗ, ಪುಟ್ಟ. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತೆಂದು ಮನೆ ಕಟ್ಟಿಸಿದ ಯಜಮಾನ ಅವನನ್ನು ಹಗಲೂ ರಾತ್ರಿ ಬಿಡದೆ ದುಡಿಸಿದ. ನಿದ್ದೆಗಣ್ಣಲ್ಲೇ ಹುಡುಗ ಯಂತ್ರದ ಕರೆಂಟು ತಂತಿ ತುಳಿದ. ಮೇಲಿನ ಕೋಣೆಯಲ್ಲಿ, ಕಾಲು ಮಡಚಿಕೊಂಡು, ಮಲಗಿದವನ ಹಾಗೇ ಬಿದ್ದಿದ್ದ. ಕಲ್ಲಿಗೆ ಕಲೆಯಾಗಬಾರದೆಂದು ಮೊದಲು ನೆಲ ತೊಳೆಸಿದರು, ಆಮೇಲೆ ಅವಳಿಗೆ ಹೇಳಿಕಳಿಸಿದರು.

“ಘಟ್ಟದ ಕೆಳಗೆ ಹೋಗಿ ಮಾಟ ಮಾಡೋನೊಬ್ಬನ್ನ ಹಿಡಿದೆ. ಪುಟ್ಟನ ಕೂದಲು, ಅವನು ಮಲಗ್ತಿದ್ದ ಗೋಣಿಯ ಚೂರು, ಒಂದು ತಾಮ್ರದ ತಗಡು. ಕಸ ಗುಡಿಸೋ ನೆಪದಲ್ಲಿ ಹೋಗಿ ಕಲ್ಲಿನ ಸಂದಿಗೆ ಸೇರಿಸಿಬಂದೆ. ನನ್ನ ಮಗನಿಗೆ ಕೊಡದ ನಿದ್ದೆ ಈ ಮನೇಲಿ ಯಾರಿಗೂ ಬೇಡ ಅಂದೆ.” ಅವಳು ಮೊರ ಕೊಡವಿದಳು. “ಯಜಮಾನ ನಿದ್ದೆ ಇಲ್ದೆ ಹೊಳೆಗೆ ಬಿದ್ದ. ನನಗೆ ಅಷ್ಟೇ ಸಾಕಿತ್ತು. ಮಾಟಕ್ಕೆ ಸಾಕಾಗ್ಲಿಲ್ಲ.”

“ತೆಗೆದುಬಿಡಿ.”

“ಮಾಟ ಕಟ್ಟಿದೋನು ಸತ್ತ. ಕಲ್ಲು ಎಬ್ಬಿಸೋಕೆ ಹೋದೋನ ಕೈ ಸ್ವಾಧೀನ ತಪ್ತು. ನಾನೇ ಹೋಗಿ ಮಲಗಿ ನೋಡಿದೆ, ತಗೋ ಮಗನೇ ಅಂತ. ಹೆತ್ತೋಳ ನಿದ್ದೆ ಅವನು ಮುಟ್ಟಲ್ಲ.” ಮೊರದಿಂದ ಒಂದು ಹರಳು ಆರಿಸಿ ಎಸೆದು ಹೇಳಿದಳು: “ಅದು ಒಂದ್ಸಲಕ್ಕೆ ಒಬ್ಬರ ನಿದ್ದೆ ಮಾತ್ರ ಹಿಡ್ಕೊಳೋದು. ಇನ್ನೊಬ್ಬರದ್ದು ಸಿಕ್ಕಿದ್ರೆ ಮೊದಲಿನೋರದ್ದು ಬಿಡುತ್ತೆ. ಆ ಮಿಲನ್ನಿಗೆ ಇದು ಗೊತ್ತಿತ್ತು. ನಿಮಗೆ ಹೇಳಬಾರದು ಅಂತಿದ್ದೆ.”

ಮನೆ ಕೊಳ್ಳಬೇಕೆಂದಿದ್ದವರು ಸೋಮವಾರಪೇಟೆಯ ಏಲಕ್ಕಿ ವ್ಯಾಪಾರಿ ಕೀರ್ತಿಕುಮಾರ್. ಬೇಡ ಎಂದು ಫೋನಿನಲ್ಲಿ ಹೇಳಿದರೆ ನಗುತ್ತಾರೆ, ಎದುರಿಗೇ ಹೇಳಬೇಕು ಎಂದು ಅನುಪಮಾ ಅವರನ್ನು ಬಂಗಲೆಗೆ ಬರಹೇಳಿದಳು. ಹೇಳಿಯೇಬಿಡುವೆನೆಂದು ತನಗೆ ತಾನೇ ಆಣೆ ಹಾಕಿಕೊಂಡಿದ್ದಳು. ಅದು ಸುಳ್ಳಾಗಿರಲಿಲ್ಲ.

ಸಂಜೆ ಬಿಸಿಲಿಗೆ ಅವರ ಕಾರು ಬಂತು. ಕೀರ್ತಿಕುಮಾರ್ ಇಳಿದರು. ಹಿಂದೆ ಹೆಂಡತಿ ಶಾಂಭವಿ, ಹೆಗಲ ಮೇಲೆ ಮೂರು ವರ್ಷದ ಮಗಳು. ತಿರುವಿನ ದಾರಿಗೆ ಮಗು ನಿದ್ದೆಹೋಗಿತ್ತು; ಜೊಲ್ಲಿನಿಂದ ತಾಯಿಯ ಸೆರಗು ಒದ್ದೆಯಾಗಿತ್ತು. ಅನುಪಮಾ ಆ ಮುಚ್ಚಿದ ಪುಟಾಣಿ ರೆಪ್ಪೆಗಳನ್ನೇ ನೋಡಿದಳು. ಹಸಿದವರು ಪರರ ಎಲೆಯನ್ನು ನೋಡುವ ಹಾಗೆ.

“ಏನ್ ಮೇಡಂ, ದೊಡ್ಡ ಪ್ರಾಬ್ಲಮ್ ಏನಾದ್ರೂ ಇದ್ಯಾ?” ಕೀರ್ತಿಕುಮಾರ್ ಕೇಳಿದರು.

“ಮೇಲಿನ ಕೋಣೆ...” ಅವಳು ಮಗುವಿನಿಂದ ಕಣ್ಣು ಕಿತ್ತಳು. “ನೆಲ ಟೊಳ್ಳು.”

“ಸರಿ ಮಾಡಿಸ್ಬಹುದಲ್ವಾ?”

ಹೇಳು. ಈಗ ಹೇಳು.

“ಹೂಂ,” ಅಂದಳು ಅನುಪಮಾ. “ಮಾಡಿಸ್ಬಹುದು.”

“ರೀ, ನನ್ನ ಕೈ ಸೋತೋಯ್ತು, ಇವಳನ್ನ ಎಲ್ಲಾದ್ರೂ ಮಲಗಿಸ್ತೀನಿ,” ಎಂದು ಶಾಂಭವಿ ಒಳಗೆ ನಡೆದಳು. ಕೀರ್ತಿಕುಮಾರ್ ಈಜುಕೊಳದ ಕಡೆ ಹೋದರು.

ಮೆಟ್ಟಿಲ ಮೇಲೆ ಶಾಂಭವಿಯ ಕಾಲ್ಗೆಜ್ಜೆ ಏರುತ್ತಿರುವುದು ಕೇಳಿಸಿತು. ಓಡಿದರೆ ಹಿಡಿಯಬಹುದು. ಕೂಗಿದರೆ ಸಾಕು. ಅನುಪಮಾ ಬಾಯಿ ತೆರೆದಳು. ಒಂದು ಉಸಿರು ತಡೆಯೋಣ, ಆಮೇಲೆ ಕೂಗೋಣ. ಗೆಜ್ಜೆ ನಿಂತಿತು. ಬಾಗಿಲು ಕಿರ್ರೆಂದಿತು. ಇನ್ನೂ ಒಂದು ಉಸಿರು. ಇನ್ನೊಂದು.

ರೆಪ್ಪೆ ಭಾರವಾಯಿತು.

ಅವಳಿಗೆ ಅರ್ಥವಾಯಿತು. ಮೆಟ್ಟಿಲ ಕಡೆ ಓಡಲು ನೋಡಿದಳು. ಕಾಲಿಗೆ ಬೆಚ್ಚನೆಯ ಜೇನು ಸುರಿದ ಹಾಗೆ. ಬೇಡ. ಬೇಡ. ಕಂಬ ಹಿಡಿದಳು. ಬೆರಳು ಜಾರಿತು. ಲೈನ್‌ಮನೆಯಿಂದ ಓಡಿಬಂದ ಹುಚ್ಚಮ್ಮ ಅವಳ ಭುಜ ಹಿಡಿದು ಅಲ್ಲಾಡಿಸಿದಳು. “ಮಗು ಎಲ್ಲಿ? ಮೇಡಮ್ಮ, ಮಗು ಎಲ್ಲಿ?”

ಉತ್ತರ ತುಟಿಯವರೆಗೂ ಬಂದಿತ್ತು. ಅಷ್ಟರಲ್ಲಿ ಅವಳ ತಲೆ ಮುದುಕಿಯ ಮಡಿಲಿಗೆ ಜಾರಿತು.

ಮೇಲಿನ ಕೋಣೆಯಲ್ಲಿ ಮಗು ಎಚ್ಚರಗೊಂಡು ಅಳತೊಡಗಿತು. ಕೆಳಗೆ, ಸಂಜೆಯ ಗಾಳಿಗೆ ಮುಖವೊಡ್ಡಿ, ಅನುಪಮಾ ಹಾಯಾಗಿ ಮಲಗಿದ್ದಳು.